ನಿಂಬೆಹಣ್ಣಿನ ಮದ್ದು ಗೊತ್ತಿತ್ತು, ಆದರೂ ಸ್ಕರ್ವಿ ವಾಪಸ್ ಬಂತು. ಹೇಗೆ?

ಹಳೇಪೆಟ್ಟಿಗೆ

ಒಂದು ಪ್ರಶ್ನೆ ಮೂರು ದಿನದಿಂದ ತಲೆ ತಿನ್ನುತ್ತಿದೆ. ಇಲ್ಲಿ ವೈದ್ಯರೂ ಇದ್ದೀರಿ, ಹಡಗಿನಲ್ಲಿ ದುಡಿದವರೂ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ವಿಟಮಿನ್ ಸಿ ಇಲ್ಲದಿದ್ದರೆ ಸ್ಕರ್ವಿ ಬರುತ್ತದೆ ಅಂತ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೇವೆ. ಕಿತ್ತಳೆ, ನಿಂಬೆ ಅದಕ್ಕೆ ಮದ್ದು ಅಂತ ಬ್ರಿಟಿಷ್ ನೌಕಾಪಡೆಯ ಜೇಮ್ಸ್ ಲಿಂಡ್ 1747ರಲ್ಲೇ ತೋರಿಸಿದ್ದ. 1795ರಿಂದ ನೌಕಾಪಡೆ ತನ್ನ ನಾವಿಕರಿಗೆ ನಿಂಬೆರಸ ಕೊಡಲು ಶುರು ಮಾಡಿತು. ಕೆಲವೇ ವರ್ಷಗಳಲ್ಲಿ ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ?

ಮುಗಿಯಲಿಲ್ಲ. 1875ರಲ್ಲಿ ಉತ್ತರ ಧ್ರುವದ ಕಡೆ ಹೊರಟ ಜಾರ್ಜ್ ನೇರ್ಸ್ ತಂಡಕ್ಕೆ ಸ್ಕರ್ವಿ ಬಡಿಯಿತು. 1901ರಿಂದ 1904ರವರೆಗೆ ಅಂಟಾರ್ಕ್ಟಿಕಾದಲ್ಲಿದ್ದ ರಾಬರ್ಟ್ ಸ್ಕಾಟ್ ತಂಡಕ್ಕೂ ಬಡಿಯಿತು. ಆ ಹೊತ್ತಿಗೆ ದೊಡ್ಡ ದೊಡ್ಡ ವೈದ್ಯರು ಹೇಳುತ್ತಿದ್ದದ್ದೇನು ಗೊತ್ತಾ? ಡಬ್ಬಿಯ ಮಾಂಸ ಒಳಗೊಳಗೇ ಕೆಟ್ಟು ವಿಷವಾಗುತ್ತದೆ, ಸ್ಕರ್ವಿ ಬರುವುದು ಅದರಿಂದ ಅಂತ! ನಿಂಬೆಯ ಮಾತನ್ನೇ ಪಕ್ಕಕ್ಕಿಟ್ಟಿದ್ದರು.

ಯಾರೋ ಒಬ್ಬರ ಗುಟ್ಟಿನ ಮದ್ದಾಗಿದ್ದರೆ ಅವರ ಜೊತೆಗೇ ಹೋಯಿತು ಅನ್ನಬಹುದಿತ್ತು. ಇದು ಅಚ್ಚಾದ ಪುಸ್ತಕದಲ್ಲಿತ್ತು, ನೌಕಾಪಡೆಯ ಆದೇಶದಲ್ಲಿತ್ತು. ಕೈಯಲ್ಲಿದ್ದ ಮದ್ದು ನೂರು ವರ್ಷದೊಳಗೆ ಕಳೆದುಹೋಗುವುದು ಹೇಗೆ?

ಸುಮ್ನೆ_ಕೇಳ್ದೆ

ಇದು ವಸಡಿನಲ್ಲಿ ರಕ್ತ ಬರೋ ಕಾಯಿಲೆ ತಾನೇ? ನನಗೂ ಹಲ್ಲುಜ್ಜುವಾಗ ಬರುತ್ತೆ. ಗಾಬರಿ ಆಗ್ಬೇಕಾ?

ಡಾಕ್ಟ್ರಮ್ಮ

ಗಾಬರಿ ಬೇಡ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಹಲ್ಲು ಕ್ಲೀನ್ ಮಾಡಿಸಿಕೊಳ್ಳಿ. ಹೆಚ್ಚಿನ ಜನರಿಗೆ ಹಲ್ಲಿನ ಬುಡದಲ್ಲಿ ಕಟ್ಟಿದ ಪಾಚಿಯೇ ಕಾರಣ.

ಆದರೆ ವಸಡನ್ನೇ ಹಿಡಿದುಕೊಂಡರೆ ಸ್ಕರ್ವಿ ಅರ್ಥವಾಗುವುದಿಲ್ಲ. ನಮ್ಮ ಚರ್ಮ, ರಕ್ತನಾಳ, ಮೂಳೆ, ವಸಡು ಎಲ್ಲವನ್ನೂ ಹಿಡಿದು ನಿಲ್ಲಿಸಿರುವುದು ಕೊಲಾಜೆನ್ ಅನ್ನುವ ಪ್ರೋಟೀನ್. ಮೂರು ಎಳೆ ಹೊಸೆದ ಹಗ್ಗ ಅಂದುಕೊಳ್ಳಿ. ಹೊಸೆದದ್ದು ಬಿಚ್ಚಿಕೊಳ್ಳದೆ ಇರಬೇಕಾದರೆ ಎಳೆಗಳಲ್ಲಿ ಅಲ್ಲಲ್ಲಿ ಒಂದು ಸಣ್ಣ ರಾಸಾಯನಿಕ ಬದಲಾವಣೆ ಆಗಬೇಕು. ಆ ಕೆಲಸ ಮಾಡುವ ಕಿಣ್ವಗಳಿಗೆ ವಿಟಮಿನ್ ಸಿ ಬೇಕೇ ಬೇಕು. ಅದಿಲ್ಲದಿದ್ದರೆ ಹಗ್ಗ ತಯಾರಾಗುತ್ತದೆ, ಆದರೆ ಸಡಿಲ ಹಗ್ಗ. ಭಾರ ಬಿದ್ದ ಕಡೆ ಬಿಚ್ಚಿಕೊಳ್ಳುತ್ತದೆ.

ಮೊದಲು ಸುಸ್ತು. ಆಮೇಲೆ ಕಾಲುನೋವು. ಆಮೇಲೆ ಕಾಲಿನ ಕೂದಲಿನ ಬುಡದಲ್ಲಿ ಸಾಸಿವೆಯಷ್ಟು ಸಣ್ಣ ರಕ್ತದ ಚುಕ್ಕೆಗಳು. ಕೂದಲು ನೆಟ್ಟಗೆ ಬರದೆ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿರುತ್ತದೆ. ವಸಡು ಊದುವುದು, ಹಲ್ಲು ಅಲ್ಲಾಡುವುದು ಇವೆಲ್ಲ ಆದಮೇಲೆ. ಕೊನೆಗೆ ಎದ್ದು ನಿಂತವರು ಹಾಗೇ ಕುಸಿದು ಸಾಯುವುದೂ ಉಂಟು.

ಇನ್ನೊಂದು ವಿಷಯ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಗಾಯ ಒಮ್ಮೆ ಮಾಗಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ಹಳೇ ಕಲೆಯ ಕೊಲಾಜೆನ್ ಕರಗುತ್ತಲೇ ಇರುತ್ತದೆ, ಹೊಸದು ಸೇರುತ್ತಲೇ ಇರುತ್ತದೆ. ಹೊಸದು ನಿಂತರೆ ಹಳೇ ಗಾಯ ಮತ್ತೆ ಬಾಯಿ ಬಿಡುತ್ತದೆ.

ಕಡಲಹಕ್ಕಿ

ಡಾಕ್ಟ್ರೇ, ನಿಮ್ಮ ಕೊನೆಯ ಮಾತಿಗೆ ಸಾಕ್ಷಿ ನನ್ನ ಹತ್ತಿರ ಇದೆ. ನಾನು ಸರಕು ಹಡಗಿನ ಇಂಜಿನ್ ರೂಮಿನಲ್ಲಿ 26 ವರ್ಷ ಇದ್ದವನು. ರಜೆಯಲ್ಲಿ ಓದಿದ್ದೆಲ್ಲ ಹಡಗಿನ ಇತಿಹಾಸವೇ.

1740ರಲ್ಲಿ ಜಾರ್ಜ್ ಆನ್ಸನ್ ಅನ್ನುವ ಬ್ರಿಟಿಷ್ ಅಧಿಕಾರಿ ಭೂಮಿ ಸುತ್ತಲು ಹೊರಟ. ಜೊತೆಯಲ್ಲಿ ಸುಮಾರು 1,900 ಜನ. 1744ರಲ್ಲಿ ವಾಪಸ್ ಬರುವ ಹೊತ್ತಿಗೆ ಸುಮಾರು 1,400 ಜನ ಸತ್ತಿದ್ದರು. ಯುದ್ಧಕ್ಕೆ ಅಂತ ಹೋದ ಹಡಗುಗಳು, ಆದರೆ ಶತ್ರುವಿನ ಏಟಿಗೆ ಸತ್ತವರು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಕಾಯಿಲೆ, ಅದರಲ್ಲೂ ಸ್ಕರ್ವಿ. ಆ ಹಡಗಿನಲ್ಲಿ ಒಬ್ಬ ಮುದುಕ ಸೈನಿಕ ಇದ್ದ. 1690ರಲ್ಲಿ ಐರ್ಲೆಂಡಿನ ಬಾಯ್ನ್ ನದಿಯ ಹತ್ತಿರ ನಡೆದ ಯುದ್ಧದಲ್ಲಿ ಗಾಯಗೊಂಡಿದ್ದವನು. ಆ ಗಾಯ ಮಾಗಿ 50 ವರ್ಷವಾಗಿತ್ತು. ಸ್ಕರ್ವಿ ಬಂದಮೇಲೆ ಅದೇ ಗಾಯ, ಅದೇ ಜಾಗದಲ್ಲಿ, ಯಾವತ್ತೂ ಮಾಗಿರಲೇ ಇಲ್ಲವೇನೋ ಅನ್ನುವ ಹಾಗೆ ತೆರೆದುಕೊಂಡಿತು. ಹಿಂದೆ ಮುರಿದು ಕೂಡಿಕೊಂಡಿದ್ದ ಅವನ ಮೂಳೆಯೂ ಬಿಟ್ಟುಕೊಂಡಿತು.

ಹಡಗಿಗೇ ಯಾಕೆ ಈ ಕಾಟ ಅಂದರೆ ಲೆಕ್ಕ ಸರಳ. ಚೆನ್ನಾಗಿ ಉಂಡವನ ಮೈಯಲ್ಲಿ ಸುಮಾರು 1,500 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಹೊರಗಿಂದ ಏನೂ ಬರದಿದ್ದರೆ ದಿನಕ್ಕೆ ಶೇಕಡಾ 3ರಷ್ಟು ಖರ್ಚಾಗುತ್ತದೆ. 300ರ ಹತ್ತಿರ ಇಳಿದಾಗ ಕಾಯಿಲೆ ಮುಖ ತೋರಿಸುತ್ತದೆ. ನೀವೇ ಲೆಕ್ಕ ಹಾಕಿ, ಎರಡು ತಿಂಗಳಿಗೆ ಹತ್ತಿರ. ಹಳೇ ಕಾಲದಲ್ಲಿ ದಡದ ಪಕ್ಕದಲ್ಲೇ ಸಾಗುತ್ತಿದ್ದ ಹಡಗುಗಳಿಗೆ ಈ ಲೆಕ್ಕ ತಟ್ಟಲಿಲ್ಲ. ವಾಸ್ಕೋ ಡ ಗಾಮ ವಾಪಸ್ ಹೋಗುವಾಗ ಅರಬ್ಬಿ ಸಮುದ್ರ ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ಜನ ಸಾಲುಸಾಲಾಗಿ ಸತ್ತರು. ಮಾಲು ಸಾಗಿಸುವ ದಾರಿ ಉದ್ದವಾಯಿತು, ಮೈಯೊಳಗಿನ ದಾಸ್ತಾನು ಅಷ್ಟೇ ಇತ್ತು.

ನೆಲ ಮುಟ್ಟಿದರೆ ವಾಸಿಯಾಗುತ್ತದೆ ಅಂತ ನಾವಿಕರಿಗೆ ಗೊತ್ತಿತ್ತು. ಯಾಕೆ ಅಂತ ಗೊತ್ತಿರಲಿಲ್ಲ. ಮಣ್ಣಿನಲ್ಲೇ ಏನೋ ಇದೆ ಅಂತ ರೋಗಿಗಳನ್ನು ಕುತ್ತಿಗೆವರೆಗೆ ಹೂತಿಟ್ಟದ್ದೂ ಇದೆ.

ಸುಮ್ನೆ_ಕೇಳ್ದೆ

ಅಯ್ಯೋ. ಪಕ್ಕದಲ್ಲೇ ಗಿಡ ಇರುತ್ತಲ್ಲ, ಅದನ್ನ ತಿನ್ನಿಸಬಾರದಿತ್ತಾ!

ಮೂರನೇಬೆಂಚು

ಲಿಂಡ್ ಪ್ರಯೋಗವನ್ನು ಯಾರೂ ಸರಿಯಾಗಿ ಹೇಳಲಿಲ್ಲ. ನಾನು ಹೇಳ್ತೀನಿ, ನನಗೆ ಇದು ತುಂಬಾ ಇಷ್ಟ.

1747ರ ಮೇ 20. ಸಾಲಿಸ್‌ಬರಿ ಅನ್ನುವ ಯುದ್ಧನೌಕೆ. ಲಿಂಡ್ ಅದರ ವೈದ್ಯ. ಸ್ಕರ್ವಿಯ 12 ರೋಗಿಗಳನ್ನು ಆರಿಸಿದ. ಎಲ್ಲರ ಸ್ಥಿತಿಯೂ ಆದಷ್ಟು ಒಂದೇ ತರ ಇರಬೇಕು ಅಂತ ನೋಡಿದ. ಒಂದೇ ಜಾಗದಲ್ಲಿ ಮಲಗಿಸಿದ, ಒಂದೇ ಊಟ ಕೊಟ್ಟ. ಆಮೇಲೆ ಇಬ್ಬಿಬ್ಬರಿಗೆ ಒಂದೊಂದು ಮದ್ದು. ಇಬ್ಬರಿಗೆ ಸೇಬಿನ ಸೈಡರ್. ಇಬ್ಬರಿಗೆ ನೀರು ಬೆರೆಸಿದ ಗಂಧಕಾಮ್ಲದ ಹನಿಗಳು. ಇಬ್ಬರಿಗೆ ವಿನೆಗರ್. ಸ್ಥಿತಿ ಜಾಸ್ತಿ ಕೆಟ್ಟಿದ್ದ, ಮೊಣಕಾಲಿನ ಹಿಂದಿನ ನರ ಸೆಟೆದುಕೊಂಡಿದ್ದ ಇಬ್ಬರಿಗೆ ಸಮುದ್ರದ ನೀರು (ಪಾಪ). ಇಬ್ಬರಿಗೆ ಬೆಳ್ಳುಳ್ಳಿ, ಸಾಸಿವೆ ಮುಂತಾದವನ್ನು ಅರೆದು ಮಾಡಿದ ಉಂಡೆ. ಉಳಿದ ಇಬ್ಬರಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ.

ಹಣ್ಣು ಆರೇ ದಿನಕ್ಕೆ ಖಾಲಿ ಆಯಿತು. ಅಷ್ಟರಲ್ಲಿ ಒಬ್ಬ ಕೆಲಸಕ್ಕೆ ಎದ್ದು ನಿಂತ. ಇನ್ನೊಬ್ಬನೂ ಚೇತರಿಸಿಕೊಂಡ, ಅವನನ್ನು ಉಳಿದ ರೋಗಿಗಳ ಆರೈಕೆಗೆ ನೇಮಿಸಿದರು.

ಒಂದು ಗುಂಪಿಗೆ ಒಂದು, ಇನ್ನೊಂದು ಗುಂಪಿಗೆ ಇನ್ನೊಂದು ಕೊಟ್ಟು ಹೋಲಿಸಿ ನೋಡುವುದು ಇವತ್ತು ಮಾಮೂಲು. ಆಗ ಇದು ಎಂಥಾ ತಲೆ! ಲಿಂಡ್ ನನ್ನ ಹೀರೋ.

ಹಳೇಪೆಟ್ಟಿಗೆ

ನಿಮ್ಮ ಹೀರೋ ಮೇಲೆ ಸ್ವಲ್ಪ ನೀರು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆತ 1753ರಲ್ಲಿ ದೊಡ್ಡ ಪುಸ್ತಕ ಬರೆದ, ನಾನೂರು ಪುಟ ದಾಟುತ್ತದೆ. ಈ ಪ್ರಯೋಗಕ್ಕೆ ಅದರಲ್ಲಿ ಸಿಕ್ಕಿರುವುದು ಕೆಲವೇ ಪ್ಯಾರಾ. ಉಳಿದ ಕಡೆಯೆಲ್ಲ ಆತ ಹೇಳುವುದು ಬೇರೆಯೇ. ತೇವದ ಗಾಳಿಯಿಂದ ಬೆವರು ಹೊರಗೆ ಹೋಗದೆ ಮೈಯೊಳಗೇ ನಿಂತು ಕೊಳೆಯುತ್ತದೆ, ಅದೇ ಸ್ಕರ್ವಿ ಅಂತ ಆತನ ನಂಬಿಕೆ. ಹಣ್ಣಿನಲ್ಲಿರುವ ಏನೋ ಒಂದು ಇಲ್ಲದ್ದರಿಂದ ಕಾಯಿಲೆ ಬಂತು ಅಂತ ಆತ ಎಲ್ಲೂ ಹೇಳಿಲ್ಲ.

ಇನ್ನೂ ಬೇಸರದ ವಿಷಯ. ಹಣ್ಣು ಹಡಗಿನಲ್ಲಿ ಕೆಡುತ್ತದಲ್ಲ, ಅದಕ್ಕೆ ರಸವನ್ನು ಬಿಸಿ ನೀರಿನ ಮೇಲೆ ಗಂಟೆಗಟ್ಟಲೆ ಇಟ್ಟು ಪಾಕದ ಹಾಗೆ ಗಟ್ಟಿ ಮಾಡಿ ಬಾಟಲಿಗೆ ತುಂಬಿ ಅಂತ ಸಲಹೆ ಕೊಟ್ಟ. ಬಿಸಿ, ಗಾಳಿ ಎರಡೂ ವಿಟಮಿನ್ ಸಿಗೆ ಶತ್ರುಗಳು. ಹಣ್ಣನ್ನು 12 ಜನರ ಮೇಲೆ ಪರೀಕ್ಷಿಸಿದವನು ಈ ಪಾಕವನ್ನು ಹಾಗೆ ಹೋಲಿಸಿ ಪರೀಕ್ಷಿಸಲಿಲ್ಲ. ನಿಂಬೆಯೇ ಅಲ್ವಾ, ಇದೂ ಕೆಲಸ ಮಾಡುತ್ತದೆ ಅಂದುಕೊಂಡ.

ಮೂರನೇಬೆಂಚು

ಪಾಕದ ವಿಷಯ ಗೊತ್ತಿರಲಿಲ್ಲ. ಆದರೂ ಹೀರೋನೇ. ತಪ್ಪು ಕಾರಣ ಇಟ್ಟುಕೊಂಡೂ ಸರಿಯಾದ ಪ್ರಯೋಗ ಮಾಡಿದನಲ್ಲ!

ಕಡಲಹಕ್ಕಿ

ಮೂಲ ಪ್ರಶ್ನೆಗೆ ಬರೋಣ. ಕಳೆದುಹೋದದ್ದು ಎಲ್ಲಿ ಅಂದರೆ, ನನ್ನ ಪ್ರಕಾರ ಒಂದು ಪದದಲ್ಲಿ.

ಕನ್ನಡದಲ್ಲಿ ನಮಗೆ ಎರಡೂ ನಿಂಬೆಯೇ. ಆದರೆ ಲೆಮನ್ ಬೇರೆ, ಲೈಮ್ ಬೇರೆ. ಲೆಮನ್ ದೊಡ್ಡದು, ಹಳದಿ, ಸಿಪ್ಪೆ ದಪ್ಪ. ಲೈಮ್ ಚಿಕ್ಕದು, ಹಸಿರು, ಸಿಪ್ಪೆ ತೆಳು, ಹುಳಿ ಜೋರು. ಆಗಿನ ಇಂಗ್ಲಿಷ್ ಬರಹದಲ್ಲೂ ಈ ಎರಡು ಹೆಸರನ್ನು ಅದಲುಬದಲು ಬಳಸುತ್ತಿದ್ದರು. 1795ರಲ್ಲಿ ಗಿಲ್ಬರ್ಟ್ ಬ್ಲೇನ್ ಅನ್ನುವ ವೈದ್ಯ ಹಠ ಹಿಡಿದು ನೌಕಾಪಡೆಯಲ್ಲಿ ಜಾರಿ ಮಾಡಿಸಿದ್ದು ಲೆಮನ್ ರಸ. ಆ ಹಣ್ಣು ಮುಖ್ಯವಾಗಿ ಮೆಡಿಟರೇನಿಯನ್ ಕಡೆಯಿಂದ ಬರುತ್ತಿತ್ತು. 1860ರ ದಶಕದಲ್ಲಿ ನೌಕಾಪಡೆ ವೆಸ್ಟ್ ಇಂಡೀಸಿನ ಲೈಮಿಗೆ ಬದಲಾಯಿಸಿತು. ಅವು ಬ್ರಿಟನ್ನಿನ ವಸಾಹತುಗಳು, ತೋಟಗಳು ತಮ್ಮವರದೇ. ಲೈಮ್ ಇನ್ನೂ ಹುಳಿ, ಇನ್ನೂ ಒಳ್ಳೇದೇ ಅಲ್ವಾ ಅಂದುಕೊಂಡರು.

ಅಲ್ಲ. ಅದು ಗೊತ್ತಾಗಿದ್ದು 1918ರಲ್ಲಿ. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ತಂಡದವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ತಾಜಾ ಲೈಮ್ ರಸಕ್ಕೆ ಲೆಮನ್ ರಸದ ಕಾಲು ಭಾಗದಷ್ಟೇ ಶಕ್ತಿ. ಬಾಟಲಿಯಲ್ಲಿ ತುಂಬಿಟ್ಟ ಲೈಮ್ ರಸದಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಜೊತೆಗೆ ರಸಕ್ಕೆ ತಾಗುವ ತಾಮ್ರದ ಪಾತ್ರೆ, ಕೊಳವೆಗಳ ವಿಷಯವೂ ಇದೆ. ತಾಮ್ರ ತಾಗಿದರೆ ವಿಟಮಿನ್ ಸಿ ಬೇಗ ಹಾಳಾಗುತ್ತದೆ.

ಅಂದರೆ 1860ರ ದಶಕದಿಂದಲೇ ನಾವಿಕರು ಕುಡಿಯುತ್ತಿದ್ದದ್ದು ಸುಮ್ನೆ ಹುಳಿ ನೀರು. ಆದರೆ ಯಾರಿಗೂ ಏನೂ ಆಗಲಿಲ್ಲ. ಯಾಕೆ? ಅಷ್ಟರಲ್ಲಿ ನಮ್ಮ ಉಗಿ ಇಂಜಿನ್ ಬಂದಿತ್ತು. ಹಡಗು ಎರಡು ತಿಂಗಳು ದಡ ಕಾಣದೆ ಇರುವ ಪರಿಸ್ಥಿತಿಯೇ ಇರಲಿಲ್ಲ. ಕಾಯಿಲೆಯನ್ನು ತಡೆದದ್ದು ಇಂಜಿನ್, ಹೆಸರು ಬಂದದ್ದು ಲೈಮಿಗೆ. ನೇರ್ಸ್ ತಂಡದ ಹಾಗೆ ಹಿಮದಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಾಗ ಮಾತ್ರ ಬಣ್ಣ ಬಯಲಾಯಿತು.

ಸುಮ್ನೆ_ಕೇಳ್ದೆ

ಅಂದ್ರೆ ಹುಳಿ ಇದ್ರೆ ಸಾಕು ಅಂದ್ಕೊಂಡಿದ್ರಾ ಎಲ್ರೂ?

ಹಳೇಪೆಟ್ಟಿಗೆ

ಎಲ್ಲರೂ ಅಲ್ಲ, ಆದರೆ ತುಂಬಾ ಜನ. ಕಡಲಹಕ್ಕಿ ಸರ್ ಬರೆದದ್ದು ಓದಿ ನನಗೆ ಕಣ್ಣು ಬಿಟ್ಟ ಹಾಗಾಯಿತು. ಲಿಂಡ್ ಪ್ರಯೋಗದ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಗಂಧಕಾಮ್ಲ ಹುಳಿ. ವಿನೆಗರ್ ಹುಳಿ. ಎರಡೂ ಸೋತವು! ಹುಳಿಯಿಂದ ಸ್ಕರ್ವಿ ಹೋಗುವುದಿಲ್ಲ ಅಂತ ಅದೇ ಹಡಗಿನಲ್ಲಿ, ಅದೇ ವಾರದಲ್ಲಿ ಗೊತ್ತಾಗಿತ್ತು. ಗೆದ್ದ ಇಬ್ಬರನ್ನು ಎಲ್ಲರೂ ನೆನಪಿಟ್ಟುಕೊಂಡರು. ಸೋತ ಹತ್ತು ಜನ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಇನ್ನು ಡಬ್ಬಿ ಮಾಂಸದ ವಿಷಯ. ಸ್ಕಾಟ್ ತಂಡದವರಿಗೆ ಸ್ಕರ್ವಿ ಬಂದಾಗ ತಾಜಾ ಸೀಲ್ ಮಾಂಸ ತಿಂದು ವಾಸಿಯಾದರು. ತಾಜಾ ಮಾಂಸದಲ್ಲಿ, ಅದರಲ್ಲೂ ಹೆಚ್ಚು ಬೇಯಿಸದಿದ್ದರೆ, ಸ್ವಲ್ಪ ವಿಟಮಿನ್ ಸಿ ಇರುತ್ತದೆ. ಆದರೆ ಆ ಕಾಲದವರ ತರ್ಕ ನೋಡಿ: ತಾಜಾ ತಿಂದರೆ ವಾಸಿ, ಡಬ್ಬಿಯದು ತಿಂದರೆ ಕಾಯಿಲೆ, ಹಾಗಾದರೆ ಡಬ್ಬಿಯೊಳಗೆ ವಿಷ ಇದೆ. ಆಗಷ್ಟೇ ರೋಗಾಣುಗಳನ್ನು ಕಂಡುಹಿಡಿದಿದ್ದರು. ಯಾವ ಕಾಯಿಲೆ ಬಂದರೂ ಒಳಗೆ ಏನೋ ಹೊಕ್ಕಿದೆ ಅಂತ ಹುಡುಕುವ ಕಾಲ ಅದು. ಏನೋ ಇಲ್ಲದೆ ಹೋಗಿದೆ ಅಂತ ಯಾರಿಗೆ ಹೊಳೆಯುತ್ತದೆ? ಇಲ್ಲದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಆಗುವುದಿಲ್ಲವಲ್ಲ.

ಡಾಕ್ಟ್ರಮ್ಮ

ಇದೇ ಕಾಲದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಸ್ಕರ್ವಿ ಮಕ್ಕಳಿಗೆ ಬರಲು ಶುರುವಾಯಿತು. ಅದೂ ಬಡವರ ಮಕ್ಕಳಿಗಲ್ಲ, ಅನುಕೂಲವಂತರ ಮನೆಯ ಕೂಸುಗಳಿಗೆ. ಲಂಡನ್ನಿನ ಥಾಮಸ್ ಬಾರ್ಲೋ 1883ರಲ್ಲಿ ಇದು ಸ್ಕರ್ವಿಯೇ ಅಂತ ಬರೆದರು. ತಾಯಿ ಹಾಲು ಬಿಡಿಸಿ ಡಬ್ಬಿಯ ಹಾಲು, ಅಂಗಡಿಯ ಶಿಶು ಆಹಾರ ಕೊಡುವುದು ಆಗ ಅನುಕೂಲಸ್ಥರ ಪದ್ಧತಿ. ಆಮೇಲೆ ಹಾಲು ಕಾಯಿಸಿ ಕೊಡುವುದು ಬಂತು. ಕಾಯಿಸಿದ್ದರಿಂದ ಎಷ್ಟೋ ಕೂಸುಗಳು ಭೇದಿಯಿಂದ ಉಳಿದವು, ಅದು ನಿಜ. ಆದರೆ ಇದ್ದ ಚೂರುಪಾರು ವಿಟಮಿನ್ ಸಿ ಕೂಡ ಹೋಯಿತು.

ಕೂಸಿನ ಸ್ಕರ್ವಿ ನೋಡಲು ಬೇರೆ ತರ. ಎತ್ತಿಕೊಳ್ಳಲು ಹೋದರೆ ಕಿರುಚುತ್ತದೆ. ಕಾಲು ಮಡಚಿ ಕಪ್ಪೆಯ ಹಾಗೆ ಅಗಲಿಸಿ ಮಲಗಿರುತ್ತದೆ, ಅಲ್ಲಾಡಿಸುವುದಿಲ್ಲ. ಮೂಳೆಯ ಮೇಲಿನ ಪದರದ ಕೆಳಗೆ ರಕ್ತ ತುಂಬಿರುತ್ತದೆ, ಅದಕ್ಕೇ ಆ ನೋವು. ಹಲ್ಲು ಬಂದಿರದ ಕೂಸಿಗೆ ವಸಡಿನ ತೊಂದರೆ ಕಾಣುವುದೇ ಇಲ್ಲ. ವಸಡು ಕೆಡುವುದು ಹಲ್ಲಿನ ಸುತ್ತ ಮಾತ್ರ. ಹಲ್ಲಿಲ್ಲದ ಮುದುಕರಿಗೂ ಅಷ್ಟೇ.

ನೀಲಿಶಾಯಿ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಡಾಕ್ಟರ ಕೊನೆಯ ಸಾಲು ನೋಡಿ ಬರೆಯದೆ ಇರಲು ಆಗಲಿಲ್ಲ. ನಮ್ಮ ಚಿಕ್ಕಪ್ಪನಿಗೆ ಆದದ್ದು ಇದೇ.

ಅವರಿಗೆ 71. ಚಿಕ್ಕಮ್ಮ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಹಲ್ಲಿನ ಸೆಟ್ಟು ಸಡಿಲವಾಗಿತ್ತು, ಗಟ್ಟಿಯದು ಅಗಿಯಲು ಆಗುತ್ತಿರಲಿಲ್ಲ. ಹುಳಿ ತಿಂದರೆ ಎದೆ ಉರಿ ಅಂತ ಹಣ್ಣು ಬಿಟ್ಟಿದ್ದರು. ಫೋನಿನಲ್ಲಿ ಊಟ ಆಯ್ತಾ ಅಂತ ಕೇಳಿದರೆ ಆಯ್ತು ಅನ್ನುತ್ತಿದ್ದರು. ನಾವೂ ನಂಬುತ್ತಿದ್ದೆವು. ಏನು ತಿಂದಿರಿ ಅಂತ ಯಾರೂ ಕೇಳಲಿಲ್ಲ.

ಮೊದಲು ಸುಸ್ತು. ವಯಸ್ಸಾಯ್ತಲ್ಲ ಅಂದೆವು. ಆಮೇಲೆ ಕಾಲುನೋವು. ವಯಸ್ಸಾಯ್ತಲ್ಲ ಅಂದೆವು. ಒಂದು ದಿನ ಹೋಗಿ ನೋಡಿದರೆ ಎಡಗಾಲಿನ ಮೀನಖಂಡ ಪೂರ್ತಿ ನೇರಳೆ ಬಣ್ಣ, ಮುಟ್ಟಿದರೆ ಹಲಗೆಯ ಹಾಗೆ ಗಟ್ಟಿ. ಎಲ್ಲೂ ಬಿದ್ದಿಲ್ಲ ಅಂತಾರೆ. ಒಂದು ಆಸ್ಪತ್ರೆಯಲ್ಲಿ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೇನೋ ಅಂತ ಸ್ಕ್ಯಾನ್ ಮಾಡಿದರು. ಹೆಪ್ಪು ಇರಲಿಲ್ಲ. ಪ್ಲೇಟ್‌ಲೆಟ್ ನೋಡಿದರು. ಸರಿಯಾಗಿತ್ತು. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳೂ ಸರಿ. ರಕ್ತದ ಕ್ಯಾನ್ಸರ್ ಇರಬಹುದು, ಮೂಳೆ ಮಜ್ಜೆ ಪರೀಕ್ಷೆ ಮಾಡಬೇಕು ಅಂದರು. ಆ ರಾತ್ರಿ ನಾವ್ಯಾರೂ ಮಲಗಲಿಲ್ಲ.

ಇನ್ನೊಂದು ಕಡೆ ಚರ್ಮದ ಡಾಕ್ಟರೊಬ್ಬರು ನೋಡಿದರು. ಚಿಕ್ಕ ವಯಸ್ಸಿನವರು. ಲೆನ್ಸ್ ಹಿಡಿದು ಮೊಣಕಾಲಿನ ಕೆಳಗೆ ಎರಡು ನಿಮಿಷ ಬಗ್ಗಿ ನೋಡಿದರು. ಆಮೇಲೆ ತಲೆ ಎತ್ತಿ, "ಅಜ್ಜಾ, ನಿನ್ನೆ ಏನು ತಿಂದ್ರಿ?" ಅಂದರು. "ಟೀ, ಬ್ರೆಡ್ಡು." "ಮೊನ್ನೆ?" "ಟೀ, ಬಿಸ್ಕತ್ತು." "ಅದರ ಹಿಂದಿನ ದಿನ?" ಚಿಕ್ಕಪ್ಪ ಸುಮ್ಮನಾದರು. ಎಂಟು ತಿಂಗಳಿಂದ ಅದೇ ಅಂತ ಆಮೇಲೆ ಗೊತ್ತಾಯಿತು.

ಸ್ಕರ್ವಿ ಅಂದಾಗ ಚಿಕ್ಕಪ್ಪನಿಗೆ ನಗು. "ಏನಮ್ಮಾ, ನಾನೇನು ಹಡಗಲ್ಲಿದ್ನಾ?" ಅಂದರು ಡಾಕ್ಟರಿಗೆ. ಮಾತ್ರೆ ಶುರುವಾದ ಮೂರನೇ ದಿನ ತಾವೇ ಎದ್ದು ಬಚ್ಚಲಿಗೆ ಹೋದರು. ಕಾಲಿನ ಬಣ್ಣ ಹೋಗಲು ಮಾತ್ರ ಒಂದು ತಿಂಗಳು ಹಿಡಿಯಿತು.

ಎಲ್ಲರೂ ವಸಡು ನೋಡಿದ್ದರು, ನಿಜ. ವಸಡು ಚೆನ್ನಾಗಿತ್ತು. ಹಲ್ಲೇ ಇರಲಿಲ್ಲವಲ್ಲ.

ಕಡಲಹಕ್ಕಿ

ಚಿಕ್ಕಪ್ಪ ಈಗ ಹೇಗಿದ್ದಾರೆ?

ನೀಲಿಶಾಯಿ

ನಮ್ಮ ಮನೆಯಲ್ಲೇ ಇದ್ದಾರೆ ಸರ್. ಹೊಸ ಹಲ್ಲಿನ ಸೆಟ್ಟು ಹಾಕಿಸಿದ್ದೇವೆ. ದಿನಾ ನನ್ನ ಅಡುಗೆಗೆ ಹೆಸರಿಡುವಷ್ಟು ಚೆನ್ನಾಗಿದ್ದಾರೆ.

ಡಾಕ್ಟ್ರಮ್ಮ

ಆ ಡಾಕ್ಟರಿಗೆ ನನ್ನದೊಂದು ನಮಸ್ಕಾರ. ನಾವು ಓದುವಾಗ ಸ್ಕರ್ವಿ ಅಂದರೆ ಪರೀಕ್ಷೆಗೆ ಬರುವ ಎರಡು ಅಂಕದ ಪ್ರಶ್ನೆ. ಕಣ್ಣೆದುರು ಬಂದು ಕೂತರೆ ನೆನಪಾಗುವುದಿಲ್ಲ. ನಾನೂ ಒಮ್ಮೆ ತಪ್ಪಿದ್ದೇನೆ, ಆ ಕಥೆ ಇನ್ನೊಮ್ಮೆ.

ಈ ಕಾಲದಲ್ಲಿ ಇದು ಬರುವುದು ಯಾರಿಗೆ ಅಂದರೆ, ಚಿಕ್ಕಪ್ಪನ ಹಾಗೆ ಒಂಟಿಯಾಗಿರುವ ಹಿರಿಯರಿಗೆ, ಊಟ ಬಿಟ್ಟು ಕುಡಿಯುವವರಿಗೆ, ಡಯಾಲಿಸಿಸ್ ಮೇಲಿರುವವರಿಗೆ. ಎರಡು ಮೂರು ಬಗೆ ಬಿಟ್ಟು ಬೇರೇನೂ ಬಾಯಿಗೆ ಇಡದ ಮಕ್ಕಳಿಗೂ ಬರುತ್ತದೆ. ಆಟಿಸಂ ಇರುವ ಕೆಲವು ಮಕ್ಕಳಲ್ಲಿ ಹೀಗಾಗುತ್ತದೆ. ನಡೆಯುತ್ತಿದ್ದ ಮಗು ಕುಂಟುತ್ತದೆ, ಆಮೇಲೆ ನಡೆಯುವುದನ್ನೇ ಬಿಡುತ್ತದೆ. ಎಲ್ಲರೂ ಮೂಳೆ, ಕೀಲು ಅಂತ ಹುಡುಕುತ್ತಾರೆ. ಬೀಡಿ ಸಿಗರೇಟು ಸೇದುವವರಿಗೆ ವಿಟಮಿನ್ ಸಿ ಬೇರೆಯವರಿಗಿಂತ ಜಾಸ್ತಿ ಬೇಕು.

ರಕ್ತದಲ್ಲಿ ಅಳೆಯಬಹುದು, ಆದರೆ ಸ್ಯಾಂಪಲ್ ತಣ್ಣಗೆ, ಬೆಳಕು ಬೀಳದ ಹಾಗೆ ಇಡಬೇಕು. ಇಲ್ಲದಿದ್ದರೆ ಇರುವುದೂ ಹಾಳಾಗಿ ಲೆಕ್ಕ ತಪ್ಪುತ್ತದೆ. ಏನು ತಿಂದಿರಿ ಅಂತ ಕೇಳುವುದಕ್ಕೆ ಫ್ರಿಜ್ ಬೇಕಾಗಿಲ್ಲ ನೋಡಿ. ಮತ್ತೆ, ಕಾಲಲ್ಲಿ ಹೀಗೆ ಕಂದುಗಟ್ಟಿದರೆ ಮನೆಯಲ್ಲೇ ನಿಂಬೆರಸ ಕುಡಿದು ಕೂರಬೇಡಿ. ರಕ್ತ ಸೋರಲು ಬೇರೆ ದೊಡ್ಡ ಕಾರಣಗಳೂ ಇರುತ್ತವೆ. ತೋರಿಸಿ.

ಬೆಳಗಿನ_ಮಾತ್ರೆ

ನಾನು ಮೂರು ವರ್ಷದಿಂದ ದಿನಾ 2 ಗ್ರಾಂ ವಿಟಮಿನ್ ಸಿ ಮಾತ್ರೆ ತಗೋತೀನಿ. ನೆಗಡಿ ಹತ್ತಿರ ಸುಳಿದಿಲ್ಲ. ಎರಡು ನೊಬೆಲ್ ತಗೊಂಡ ಲೈನಸ್ ಪಾಲಿಂಗ್ ಅವರೇ ಹೇಳಿದ್ದು. ಸ್ಕರ್ವಿ ಆಗುವಷ್ಟು ಕಾಯೋದ್ಯಾಕೆ, ಎಲ್ಲರೂ ತಗೊಳ್ಳಿ.

ಡಾಕ್ಟ್ರಮ್ಮ

ಪಾಲಿಂಗ್ ದೊಡ್ಡ ರಸಾಯನಶಾಸ್ತ್ರಜ್ಞ, ಸಂಶಯವಿಲ್ಲ. 1970ರಲ್ಲಿ ನೆಗಡಿಯ ಬಗ್ಗೆ ಹಾಗೆ ಹೇಳಿದ್ದೂ ನಿಜ. ಆಮೇಲೆ ಬೇಕಾದಷ್ಟು ಪರೀಕ್ಷೆ ನಡೆದವು. ದಿನಾ ತೆಗೆದುಕೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರುವುದೇನೂ ಕಡಿಮೆಯಾಗಲಿಲ್ಲ. ಬಂದ ನೆಗಡಿ ಸ್ವಲ್ಪ ಬೇಗ ಹೋಗುತ್ತದೆ, ಅಷ್ಟೇ. ದಿನಕ್ಕೆ 2 ಗ್ರಾಂ ದಾಟಿದರೆ ಹೊಟ್ಟೆ ಕೆಡಬಹುದು. ಮೂತ್ರಪಿಂಡದಲ್ಲಿ ಕಲ್ಲಾಗುವ ಸ್ವಭಾವ ಇರುವವರು ಇದರ ಸಹವಾಸಕ್ಕೆ ಹೋಗಬಾರದು. ಜಾಸ್ತಿ ನುಂಗಿದ್ದು ಬಹಳಷ್ಟು ಮೂತ್ರದಲ್ಲಿ ಹೋಗುತ್ತದೆ.

ಸ್ಕರ್ವಿ ತಡೆಯಲು ದಿನಕ್ಕೆ 10 ಮಿಲಿಗ್ರಾಂ ಸಾಕು. ನೀವು ಅದರ 200 ಪಟ್ಟು ನುಂಗುತ್ತಿದ್ದೀರಿ.

ಬೆಳಗಿನ_ಮಾತ್ರೆ

10 ಮಿಲಿಗ್ರಾಂ? ಅಷ್ಟು ಕಡಿಮೆನಾ? ಯಾರು ಹೇಳಿದ್ದು?

ಮೂರನೇಬೆಂಚು

ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಪ್ರಯೋಗ ನಡೆಯಿತು. ಯುದ್ಧಕ್ಕೆ ಹೋಗುವುದಿಲ್ಲ ಅಂದ ಯುವಕರು ತಾವಾಗಿ ಮುಂದೆ ಬಂದು ವಿಟಮಿನ್ ಸಿ ಇಲ್ಲದ ಊಟ ತಿಂದರು. ಕೆಲವರಿಗೆ ಏನೂ ಕೊಡಲಿಲ್ಲ, ಕೆಲವರಿಗೆ 10, ಕೆಲವರಿಗೆ 70 ಮಿಲಿಗ್ರಾಂ. 10 ಸಿಕ್ಕವರಿಗೆ ಸ್ಕರ್ವಿ ಬರಲಿಲ್ಲ. ಆದರೆ ಅದು ತಳದ ಗೆರೆ ಅಷ್ಟೇ. ದಿನನಿತ್ಯಕ್ಕೆ ಅದಕ್ಕಿಂತ ಜಾಸ್ತಿ ಇರಲಿ ಅಂತಾರೆ. ಒಂದು ಕಿತ್ತಳೆ ತಿಂದರೆ ಆಯಿತು.

ಅದಕ್ಕಿಂತ ಮೊದಲು ಅಮೆರಿಕದ ಬಾಸ್ಟನ್ನಿನಲ್ಲಿ ಜಾನ್ ಕ್ರಾಂಡನ್ ಅನ್ನುವ ಯುವ ಸರ್ಜನ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡರು. ಆರು ತಿಂಗಳು ವಿಟಮಿನ್ ಸಿ ಇಲ್ಲದ ಊಟ, ಆದರೆ ಆಸ್ಪತ್ರೆ ಕೆಲಸ ಬಿಡಲಿಲ್ಲ. ಸುಮಾರು 41 ದಿನಕ್ಕೆ ರಕ್ತದ ದ್ರವದಲ್ಲಿ ವಿಟಮಿನ್ ಸಿ ಸೊನ್ನೆಗೆ ಬಂತು. ಮೈಮೇಲೆ ಮಾತ್ರ ಏನೂ ಕಾಣಲಿಲ್ಲ. ಮೂರು ತಿಂಗಳಾದಾಗ ಬೆನ್ನಿನ ಮೇಲೆ ಬೇಕಂತಲೇ ಗಾಯ ಮಾಡಿಸಿಕೊಂಡರು. ಮಾಗಿತು! ನಾಲ್ಕು ತಿಂಗಳು ದಾಟಿದ ಮೇಲೆ ಚರ್ಮ ಒರಟಾಯಿತು, ಐದು ತಿಂಗಳು ದಾಟಿದ ಮೇಲೆ ಕಾಲಿನಲ್ಲಿ ರಕ್ತದ ಚುಕ್ಕೆ ಬಂದವು. ಆರು ತಿಂಗಳಿಗೆ ಇನ್ನೊಂದು ಗಾಯ ಮಾಡಿಸಿಕೊಂಡರು. ಅದು ಮಾಗಲಿಲ್ಲ. ಮೇಲಿನ ಚರ್ಮ ಮುಚ್ಚಿತ್ತು, ಒಳಗೆ ಏನೂ ಕೂಡಿಕೊಂಡಿರಲಿಲ್ಲ. ಆಮೇಲೆ ವಿಟಮಿನ್ ಸಿ ಕೊಟ್ಟರು, ಅದೇ ಗಾಯ ಮಾಗಿತು.

ನಿಮ್ಮ ಮಾತ್ರೆ ನಿಮ್ಮಿಷ್ಟ. ಆದರೆ ಒಂದು ವಾರ ಹಣ್ಣು ತಿನ್ನದಿದ್ದರೆ ಸ್ಕರ್ವಿ ಬರುತ್ತೆ ಅಂತ ಯಾರೂ ಹೆದರಬೇಕಾಗಿಲ್ಲ.

ಸುಮ್ನೆ_ಕೇಳ್ದೆ

ಇನ್ನೊಂದು ದಡ್ಡ ಪ್ರಶ್ನೆ. ನಮ್ಮನೆ ನಾಯಿ ಜನ್ಮದಲ್ಲಿ ಕಿತ್ತಳೆ ಮುಟ್ಟಿಲ್ಲ. ಅದಕ್ಕ್ಯಾಕೆ ಬರಲ್ಲ?

ಹಳೇಪೆಟ್ಟಿಗೆ

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ನಾಯಿ ತನ್ನ ವಿಟಮಿನ್ ಸಿಯನ್ನು ತಾನೇ ಲಿವರಿನಲ್ಲಿ ತಯಾರಿಸಿಕೊಳ್ಳುತ್ತದೆ. ಬೆಕ್ಕು, ಇಲಿ, ಮೇಕೆ ಎಲ್ಲವೂ ಅಷ್ಟೇ. ಅದಕ್ಕೆ ಬೇಕಾದ ಕೊನೆಯ ಕಿಣ್ವದ ಜೀನ್ ನಮ್ಮಲ್ಲೂ ಇದೆ, ಆದರೆ ಕೆಟ್ಟು ಕೂತಿದೆ. ಮಂಗಗಳಲ್ಲೂ ಬಹುಪಾಲು ಹಾಗೇ. ಗಿನಿಪಿಗ್‌ನಲ್ಲೂ ಕೆಟ್ಟಿದೆ.

ಈ ಗಿನಿಪಿಗ್‌ನಿಂದಲೇ ಕಳೆದುಹೋದ ಮದ್ದು ಮತ್ತೆ ಸಿಕ್ಕಿದ್ದು! ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಹುಡುಕುತ್ತಿದ್ದದ್ದು ಬೆರಿಬೆರಿ ಕಾಯಿಲೆಯನ್ನು. ಅದು ವಿಟಮಿನ್ ಬಿ1 ಕೊರತೆಯದು, ಆಗ ಆ ಹೆಸರೂ ಇರಲಿಲ್ಲ. ಬರೀ ಧಾನ್ಯ ತಿನ್ನಿಸಿದ ಗಿನಿಪಿಗ್‌ಗಳಿಗೆ ಬೆರಿಬೆರಿ ಬರಲಿಲ್ಲ, ಸ್ಕರ್ವಿ ಬಂತು. ಇಲಿಗಳನ್ನು ಇಟ್ಟುಕೊಂಡಿದ್ದರೆ ಸ್ಕರ್ವಿಯೇ ಕಾಣುತ್ತಿರಲಿಲ್ಲ. 1907ರಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿಂದ ಯಾವ ಆಹಾರದಲ್ಲಿ ಎಷ್ಟು ಶಕ್ತಿ ಇದೆ ಅಂತ ಅಳೆಯಲು ಒಂದು ತಕ್ಕಡಿ ಸಿಕ್ಕಿತು. ಹ್ಯಾರಿಯೆಟ್ ಚಿಕ್ ತಂಡ ಲೈಮನ್ನು ಬಯಲಿಗೆಳೆದದ್ದು ಇಂಥದೇ ತಕ್ಕಡಿಯಲ್ಲಿ. 1912ರಲ್ಲಿ ಕ್ಯಾಸಿಮಿರ್ ಫಂಕ್ ವಿಟಮಿನ್ ಅನ್ನುವ ಪದ ತಂದ. ಇಲ್ಲದೆ ಇರುವುದೂ ಕಾಯಿಲೆಗೆ ಕಾರಣ ಆಗಬಹುದು ಅನ್ನುವುದಕ್ಕೆ ಕೊನೆಗೂ ಒಂದು ಹೆಸರು ಬಂತು.

ಹೆಸರು ಅಂದಕೂಡಲೇ ನೆನಪಾಯಿತು. ಆ ವಸ್ತುವನ್ನು ಬೇರ್ಪಡಿಸಿದ ಹಂಗೇರಿಯ ಸೆಂಟ್-ಗ್ಯೋರ್ಗಿ ಅದು ಏನು ಅಂತ ತನಗೇ ಗೊತ್ತಿಲ್ಲ ಅನ್ನುವ ಅರ್ಥ ಬರುವಂತೆ ಇಗ್ನೋಸ್ ಅಂತ ಹೆಸರಿಟ್ಟು ಲೇಖನ ಕಳಿಸಿದ. ಸಂಪಾದಕರು ತಮಾಷೆ ಬೇಡ ಅಂದರು. ಹಾಗಾದರೆ ಗಾಡ್‌ನೋಸ್ ಅಂತ ಇಡಿ ಅಂದ, ಅಂದರೆ ದೇವರಿಗೇ ಗೊತ್ತು ಅಂತ! ಅದನ್ನೂ ಒಪ್ಪಲಿಲ್ಲ. ಕೊನೆಗೆ ಹೆಕ್ಸುರೋನಿಕ್ ಆಮ್ಲ ಅಂತ 1928ರಲ್ಲಿ ಅಚ್ಚಾಯಿತು. ಅದೇ ವಿಟಮಿನ್ ಸಿ. 1937ರಲ್ಲಿ ಅವನಿಗೆ ನೊಬೆಲ್ ಬಂತು.

ಕಡಲಹಕ್ಕಿ

ಗಾಡ್‌ನೋಸ್! ನಮ್ಮ ಇಂಜಿನ್ ರೂಮಿನಲ್ಲಿ ಎಷ್ಟೋ ರಿಪೇರಿ ಬರೆಯುವ ಪುಸ್ತಕದಲ್ಲಿ ಇದೇ ಕಾರಣ ಬರೆಯಬೇಕಿತ್ತು.

ನೀಲಿಶಾಯಿ

ಈ ಚರ್ಚೆಯನ್ನು ಚಿಕ್ಕಪ್ಪನಿಗೆ ಪೂರ್ತಿ ಓದಿ ಹೇಳಿದೆ. ಆನ್ಸನ್ ಮುದುಕನ ಗಾಯದ ಕಥೆ ಬಂದಾಗ ತಮ್ಮ ಕಾಲು ನೋಡಿಕೊಂಡರು. ಲಿಂಡ್ ಪ್ರಯೋಗ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿಲ್ಲ, ಹಾಗೇ ಇಲ್ಲಿ ಹಾಕುತ್ತಿದ್ದೇನೆ.

"ಹಣ್ಣು ಆರು ದಿನಕ್ಕೆ ಖಾಲಿ ಆಯ್ತು ಅಂದ್ಯಲ್ಲ. ವಾಸಿಯಾದವನನ್ನೇ ಉಳಿದವರ ಆರೈಕೆಗೆ ಹಾಕಿದ್ರು ಅಂದೆ. ಇವನು ಏನು ತಿಂದು ಎದ್ದ ಅಂತ ಆ ಹತ್ತು ಜನಕ್ಕೂ ಗೊತ್ತಿರುತ್ತಲ್ಲ. ಅವರು ಅವನ ಹತ್ರ ಏನು ಕೇಳಿರಬಹುದು?"

ಮೂರನೇಬೆಂಚು

ಸೈಡರ್ ಕುಡಿದ ಇಬ್ಬರು ಎರಡು ವಾರದಲ್ಲಿ ಸ್ವಲ್ಪ ಸುಧಾರಿಸಿದ್ದರು ಅಂತ ಲಿಂಡ್ ಬರೆದಿದ್ದಾನೆ. ಆ ಹತ್ತು ಜನ ಏನು ಕೇಳಿದರು ಅನ್ನುವುದನ್ನು ಮಾತ್ರ ಬರೆದಿಲ್ಲ.